ಗೂಢಚಾರನ ಸಾಮಾನು ಖಾತೆ

ಗೂಢಚಾರರ ಇಂಗ್ಲಿಷ್ ಸಿನಿಮಾ ನೋಡಲು ಕೂತಾಗ ನಾನು ಕಾಯುವುದು ನಾಯಕನಿಗಾಗಿ ಅಲ್ಲ, ನಾಯಕಿಗಾಗಿಯೂ ಅಲ್ಲ. ಎರಡನೆಯದನ್ನು ನಂಬುವುದು ಬಿಡುವುದು ನಿಮಗೆ ಸೇರಿದ್ದು. ನಾನು ಕಾಯುವುದು ಸರ್ಕಾರಿ ಕಟ್ಟಡವೊಂದರ ನೆಲಮಾಳಿಗೆಯಲ್ಲಿ ನಿಂತಿರುವ ಸಾಮಾನು ಖಾತೆಯ ಮನುಷ್ಯನಿಗಾಗಿ. ನಾಯಕನ ಕೈಗೆ ಗುಂಡು ಹಾರಿಸುವ ಪೆನ್ನನ್ನೋ, ಹೊಗೆ ಕಾರುವ ಬೂಟನ್ನೋ ಕೊಟ್ಟು, ಹೇಗೆ ಬಳಸಬೇಕೆಂದು ಪಾಠ ಹೇಳಿ ಕಳಿಸುವುದು ಅವನ ಉದ್ಯೋಗ. ಅಲ್ಲಿಂದ ಮುಂದೆ ನಾಯಕನಿಗೆ ಯಾವ ಕಷ್ಟ ಬಂದರೂ ನಮಗೆ ಚಿಂತೆಯಿಲ್ಲ. ನದಿ ಬಂದರೆ ಗಡಿಯಾರ ದೋಣಿಯಾಗುತ್ತದೆ, ಗೋಡೆ ಬಂದರೆ ಬೆಲ್ಟು ಹಗ್ಗವಾಗುತ್ತದೆ.

ಇದೇ ಮನುಷ್ಯನನ್ನು ಪುಸ್ತಕದಲ್ಲಿ ಹುಡುಕಿ ನೋಡಿ. ನಾನು ಓದಿದ ಕಾದಂಬರಿಗಳಲ್ಲಂತೂ ಅವನಿಗೆ ಅರ್ಧ ಪುಟ ಸಿಕ್ಕರೆ ಹೆಚ್ಚು. ಯಾರೋ ಗುಮಾಸ್ತ ಎಣ್ಣೆಬಟ್ಟೆಯಲ್ಲಿ ಸುತ್ತಿದ ಪಿಸ್ತೂಲು ತಂದುಕೊಡುತ್ತಾನೆ, ರುಜು ಹಾಕಿಸಿಕೊಂಡು ಹೋಗುತ್ತಾನೆ. ಆ ಪಿಸ್ತೂಲೂ ಮೂರನೆಯ ಅಧ್ಯಾಯದ ಹೊತ್ತಿಗೆ ಶತ್ರುವಿನ ಜೇಬು ಸೇರಿರುತ್ತದೆ. ಉಳಿದ ಪುಸ್ತಕದುದ್ದಕ್ಕೂ ಬಡಪಾಯಿ ನಾಯಕ ಬರಿಗೈಯಲ್ಲಿ ಒದೆ ತಿನ್ನುತ್ತಾನೆ. ಒಂದೇ ಕಥೆ ಕಾಗದದ ಮೇಲೆ ಇಷ್ಟು ಬಡವಾಗಿ, ಪರದೆಯ ಮೇಲೆ ಅಷ್ಟು ಶ್ರೀಮಂತವಾಗಿ ಇರುವುದು ಯಾಕೆಂಬ ಪ್ರಶ್ನೆ ನಿಮಗೆ ಕ್ಷುಲ್ಲಕ ಅನ್ನಿಸಬಹುದು. ಅರವತ್ತರ ದಶಕದ ನಡುವಿನಲ್ಲಿ, ತಮಿಳು ಸೀಮೆಯ ಕಂಬಂ ಎಂಬ ಊರಿನಲ್ಲಿ, ನನಗಿದ್ದ ಒಂದೇ ಒಂದು ಜಗುಲಿ ಈ ಪ್ರಶ್ನೆಯ ದೆಸೆಯಿಂದ ಕೈತಪ್ಪುವುದರಲ್ಲಿತ್ತು.

ನಾನು ಕಂಬಂಗೆ ಹೋದದ್ದು ಪಂಪುಸೆಟ್ಟು ಮಾರಲು. ಕಳಿಸಿದ ಮ್ಯಾನೇಜರರ ತರ್ಕ ಸರಳವಾಗಿತ್ತು. ಕಂಬಂ ಕಣಿವೆಯ ಬೇಸಾಯಗಾರರಲ್ಲಿ ಎಷ್ಟೋ ಮನೆಗಳವರು ಕನ್ನಡ ಆಡುತ್ತಾರೆ, ನೀನು ಮೈಸೂರಿನವನು, ಹೋಗು, ನಿನ್ನ ಜನಕ್ಕೆ ಮಾರು. ಆ ಜನ ನಾಡು ಬಿಟ್ಟು ಶತಮಾನಗಳಾಗಿವೆ ಎಂಬುದು ಅವರ ಲೆಕ್ಕಕ್ಕೆ ಬಂದಿರಲಿಲ್ಲ. ಮೊದಲ ದಿನವೇ ಒಬ್ಬ ರೈತರ ತೋಟಕ್ಕೆ ಹೋಗಿ, "ತಮ್ಮ ಜಮೀನಿಗೆ ನೀರಾವರಿ ಸೌಲಭ್ಯ ಹೇಗಿದೆ?" ಎಂದು ಕೇಳಿದೆ. ಅವರು ನನ್ನನ್ನು ಮೇಲಿನಿಂದ ಕೆಳಗೆ ನೋಡಿ, ತಾವು ತೆಲುಗು ಸೀಮೆಯವರೋ ಎಂದು ತಮಿಳಿನಲ್ಲಿ ವಿಚಾರಿಸಿದರು. ಅಂದಿನಿಂದ ನನ್ನ ಹರಕು ತಮಿಳಿನಲ್ಲೇ ವ್ಯಾಪಾರ ಮಾಡಿದೆ.

ನನಗೆ ಬಾಡಿಗೆಗೆ ಸಿಕ್ಕಿದ್ದು ಕೆಂಚಮ್ಮಾಳ್ ಎಂಬ ಹೆಂಗಸಿನ ಮನೆಯ ಹಿಂಬದಿಯ ಕೋಣೆ. ಅವರ ಮನೆಮಾತೂ ಕನ್ನಡವೇ. ದನಕರು, ಗದ್ದೆ, ದ್ರಾಕ್ಷಿ ಚಪ್ಪರ ಎಲ್ಲವನ್ನೂ ಒಂದು ಗಂಟಲಿನಿಂದ ಆಳುತ್ತಿದ್ದ ಅವರಿಗೆ ನನ್ನದೇ ವಯಸ್ಸಿನ ಮಗನಿದ್ದ, ಬೊಮ್ಮಯ್ಯ. ಬಂದ ದಿನ ನನ್ನ ಮಾತು ಕೇಳಿ ಕೆಂಚಮ್ಮಾಳ್ ಸೆರಗು ಬಾಯಿಗಿಟ್ಟುಕೊಂಡು ನಕ್ಕರು.

"ಇದ್ಯಾವೂರ್ ಕನ್ನಡ ತಂಬಿ? ಪುಸ್ತಗ ಮಾತಾಡ್ದಂಗದೆ."

ನಾನು ಮುಖ ಸಣ್ಣದು ಮಾಡಿಕೊಂಡು ಕೋಣೆ ಸೇರಿದೆ. ಕೋಣೆಯ ಬಗ್ಗೆ ನನಗೆ ಬಹಳ ಜಂಬವಿತ್ತು. ಯಾರ ಹಂಗೂ ಬೇಡವೆಂದು ಊರಿನಿಂದಲೇ ಎಲ್ಲವನ್ನೂ ಹೊತ್ತು ತಂದಿದ್ದೆ. ಸೀಮೆಎಣ್ಣೆ ಸ್ಟವ್ವು, ಥರ್ಮಾಸ್, ಟಾರ್ಚು, ಅಲಾರಂ ಗಡಿಯಾರ, ಸೊಳ್ಳೆಪರದೆ, ಮಡಚುವ ಕುರ್ಚಿ, ಗುಂಡಿ ಹೊಲಿಯಲು ಸೂಜಿದಾರ, ನೆಗಡಿಯಿಂದ ಹಿಡಿದು ಭೇದಿಯವರೆಗೆ ಸಕಲಕ್ಕೂ ಮಾತ್ರೆ. ಬಾಗಿಲಿಗೆ, ಬೀಗಕ್ಕೇ ಹೆಸರಾದ ದಿಂಡಿಗಲ್ಲಿನ ಭಾರಿ ಬೀಗ. ಹಗಲೆಲ್ಲ ಬಾಗಿಲು ತೆರೆದೇ ಇರುತ್ತಿದ್ದ ಆ ಮನೆಯಲ್ಲಿ ಬೀಗ ಕಂಡದ್ದು ನನ್ನ ಬಾಗಿಲು ಮಾತ್ರ.

ಹೊತ್ತಿಳಿದ ಮೇಲೆ ನನ್ನೊಡನೆ ಮಾತಾಡುತ್ತಿದ್ದದ್ದು ಟ್ರಾನ್ಸಿಸ್ಟರ್ ಒಂದೇ. ಬೆಂಗಳೂರು ನಿಲಯ ಬೆಟ್ಟದಾಚೆಯಿಂದ ಒಂದೆರಡು ಸಾಲು ಕೇಳಿಸಿ, ಕೊರಗುತ್ತಾ ಅಳಿಸಿಹೋಗುತ್ತಿತ್ತು. ಆಷಾಢದ ಗಾಳಿ ಕಣಿವೆಯುದ್ದಕ್ಕೂ ಬೀಸುವಾಗ ಅದೂ ಇಲ್ಲ. ಒಂಟಿತನ ಎಂಬುದು ಕವಿಗಳ ಸ್ವತ್ತು ಎಂದುಕೊಂಡಿದ್ದೆ, ಅದು ಪಂಪು ಮಾರುವವರಿಗೂ ಬರುತ್ತದೆ ಎಂದು ತಿಳಿದದ್ದು ಅಲ್ಲಿ. ಗೋಡೆಯಾಚೆ ಆ ಮನೆಯವರು ಉಣ್ಣುತ್ತಾ ಆಡುವ ಮಾತು ಕೇಳಿಸುತ್ತಿತ್ತು. ಅರ್ಧ ತಮಿಳು, ಅರ್ಧ ನನ್ನ ಅಜ್ಜಿಯ ಅಜ್ಜಿ ಆಡಿರಬಹುದಾದ ಕನ್ನಡ. ಎಷ್ಟೋ ದಿನ ಅದನ್ನು ಕೇಳುತ್ತಾ ನನ್ನ ಅನ್ನ ತಣ್ಣಗಾಗುತ್ತಿತ್ತು.

ರೈಲ್ವೆ ಸ್ಟೇಷನ್ನಿನ ಅಂಗಡಿಯಲ್ಲಿ ಕೊಂಡ ಇಂಗ್ಲಿಷ್ ಗೂಢಚಾರ ಕಾದಂಬರಿಯೊಂದನ್ನು ಒಂದು ಸಂಜೆ ಬಾಗಿಲಲ್ಲಿ ಕೂತು ಓದುತ್ತಿದ್ದಾಗ ಏನೋ ನಗು ಬಂತು. ಬೊಮ್ಮಯ್ಯ ನಿಂತು ನೋಡಿದ.

"ಏನ್ ಸಾರ್, ತನಿಯಾ ಕುಂತು ನಗ್ತೀರಿ? ನಮ್ಗೂ ಏಳಿ."

ತನಿಯಾ ಅಂದರೆ ಒಬ್ಬನೇ. ಆ ಮಾತು ನನಗೆ ಚುರುಕ್ಕೆಂದಿತು. ಎದ್ದು ಅವರ ಮನೆಯ ಜಗುಲಿಗೆ ಹೋದೆ, ಕಥೆ ಶುರು ಮಾಡಿದೆ. ಮೊದಲ ಪದಕ್ಕೇ ಎಡವಿದೆ. ಗೂಢಚಾರ ಅಂದೆ, ತಾಯಿ ಮಗ ಇಬ್ಬರಿಗೂ ತಿಳಿಯಲಿಲ್ಲ. ಸಂಸ್ಕೃತ ಬೇಡವೆಂದು ಹಳಗನ್ನಡದ ಬೇಹಿನವನನ್ನು ಕರೆತಂದೆ, ಅವನನ್ನೂ ಅವರು ಗುರುತಿಸಲಿಲ್ಲ. ಬೇರೆ ಅರಸನ ಊರಿಗೆ ಕದ್ದು ಹೋಗಿ ಸಂಗತಿ ತಿಳಿದು ಬರುವವನು ಎಂದು ವಿವರಿಸಿದಾಗ, "ಒತ್ತನ್ ಅನ್ನು, ಅದ್ಕೆ ಯಾಕಿಷ್ಟ್ ಸುತ್ತು?" ಎಂದು ಕೆಂಚಮ್ಮಾಳ್ ತಮಿಳಿನಲ್ಲಿ ಮುಗಿಸಿಬಿಟ್ಟರು. ಆಮೇಲೆ ದಿನವೂ ಸಂಜೆ ದೀಪ ಜಗುಲಿಗೆ ಬರತೊಡಗಿತು, ಹಿಂದೆಯೇ ನಾನೂ.

ಬೊಮ್ಮಯ್ಯನಿಗೆ ಬೇಕಾದದ್ದು ಹೊಡೆದಾಟ. ಅವನ ತಾಯಿಗೆ ಬೇಕಾದದ್ದು ಊಟ. ಗೂಢಚಾರ ವಿಮಾನ ಇಳಿಯಲಿ, ಗೋಡೆ ಹಾರಲಿ, ಅವರ ಪ್ರಶ್ನೆ ಒಂದೇ, "ಆಗ ಅವ ಏನ್ ತಿಂದ?" ಆ ಪುಸ್ತಕದಲ್ಲಿ ಒಂದು ಭಾಗವಿತ್ತು. ಗಾಯಗೊಂಡ ನಾಯಕ ಶತ್ರುವಿನ ಹಡಗಿನಿಂದ ಧುಮುಕಿ, ಈಜಿ ಈಜಿ ದಡಕ್ಕೆ ಬಂದು ಬೀಳುತ್ತಾನೆ. ಬೆಸ್ತರ ಹೆಂಗಸೊಬ್ಬಳು ಅವನನ್ನು ಬಲೆಗಳ ರಾಶಿಯ ಹಿಂದೆ ಬಚ್ಚಿಟ್ಟು ಬಿಸಿ ಸಾರು ಕುಡಿಸುತ್ತಾಳೆ. ಹುಡುಕಿ ಬಂದವರಿಗೆ ಒಂದು ಮಾತೂ ಹೇಳುವುದಿಲ್ಲ. ನಾನು ಸಾರನ್ನು ಗಂಜಿ ಮಾಡಿದೆ, ಜೊತೆಗೆ ಒಣಮೀನು ಸೇರಿಸಿದೆ. ಆ ಭಾಗವನ್ನು ಕೆಂಚಮ್ಮಾಳ್ ಮತ್ತೆ ಮತ್ತೆ ಹೇಳಿಸಿ ಕೇಳಿದರು. ಅವಳಿಗೆ ಮಕ್ಕಳೆಷ್ಟು ಎಂದು ವಿಚಾರಿಸಿದರು. ಪುಸ್ತಕದಲ್ಲಿ ಬರೆದಿರಲಿಲ್ಲವಾದ್ದರಿಂದ ಇಬ್ಬರು ಎಂದೆ.

ಹೀಗೆ ನನ್ನ ದಿನಗಳು ಸುಖವಾಗಿ ಸಾಗುತ್ತಿರಲು, ಬೊಮ್ಮಯ್ಯ ಏನೋ ಕೆಲಸದ ಮೇಲೆ ದಿಂಡಿಗಲ್ಲಿಗೆ ಹೋದ. ಅಲ್ಲಿ ಟಾಕೀಸಿನ ಗೋಡೆಯ ಮೇಲೆ ನನ್ನ ಪುಸ್ತಕದ ಹೆಸರೇ ಕಂಡಿತು. ಹೈಸ್ಕೂಲು ಓದಿದವನು, ಅಕ್ಷರ ಕೂಡಿಸಿ ಓದಿ ಒಳಗೆ ಹೋಗಿ ಕೂತ. ಮರುದಿನ ಬಂದವನ ಮುಖ ಗಂಟಿಕ್ಕಿತ್ತು.

"ಸಾರ್, ನೀವು ನಮ್ಗೆ ಕದೆ ಅರ್ಧಾನೇ ಏಳಿದ್ದು. ಕಾರ್ನಾಗೆ ಒಗೆ ಬತ್ತದೆ, ಪೆನ್ನಾಗೆ ಗುಂಡು ಬತ್ತದೆ, ಅದ್ನೆಲ್ಲ ಕೊಡಾಕೇ ಒಂದು ಆಪೀಸು ಮಡಗವ್ರೆ! ಪಡಂ ಮುಗಿಯೋಗಂಟ ಅವನ್ ಶರ್ಟು ಇಸ್ತ್ರೀನೂ ಕೆಡ್ಲಿಲ್ಲ. ನೀವು ಒಂದ್ ಮಾತೂ ಏಳ್ಲಿಲ್ಲ."

ಪುಸ್ತಕದಲ್ಲಿ ಅವು ಇಲ್ಲವೆಂದೆ. ನಂಬಲಿಲ್ಲ. ಪುಸ್ತಕವನ್ನೇ ತಂದು ಕೈಗಿಟ್ಟೆ. ಬೊಮ್ಮಯ್ಯ ಅದನ್ನು ಅಂಗೈಯಲ್ಲಿ ತೂಗಿ ನೋಡಿ, "ಇಷ್ಟು ದಪ್ಪ ಪುಸ್ತಗದಾಗೆ ಒಂದು ಕಾರ್‌ಗೆ ಜಾಗ ಇಲ್ವಾ ಸಾರ್?" ಎಂದ. ಇರುವುದನ್ನು ತೋರಿಸಬಹುದು, ಇಲ್ಲದ್ದನ್ನು ತೋರಿಸುವುದು ಹೇಗೆ? ಒಳ್ಳೆಯ ಸರಕನ್ನೆಲ್ಲ ತನಗೆ ಇಟ್ಟುಕೊಂಡು ನಮಗೆ ಜೊಳ್ಳು ಅಳೆದ ಎಂದು ಅವರಿಗೆ ಅನ್ನಿಸಿತು. ಕೆಂಚಮ್ಮಾಳ್ ಬೈಯಲಿಲ್ಲ. "ಬುಡು, ಅವ್ರ ಕದೆ, ಅವ್ರ ಇಷ್ಟ," ಎಂದರು. ತಮ್ಮನನ್ನು ಕರೆದಂತೆ ತಂಬಿ ಅನ್ನುತ್ತಿದ್ದವರು 'ಅವ್ರು' ಅಂದದ್ದು ಕೇಳಿ ನನಗೆ ಅಳು ಬರುವಂತಾಯಿತು. ಆ ಸಂಜೆ ದೀಪ ಜಗುಲಿಗೆ ಬರಲಿಲ್ಲ. ಮರುದಿನವೂ ಬರಲಿಲ್ಲ.

ಆ ಭಾನುವಾರ ನಾನೇ ಬಸ್ಸು ಹಿಡಿದು ದಿಂಡಿಗಲ್ಲಿಗೆ ಹೋದೆ. ಬೊಮ್ಮಯ್ಯ ಹೇಳಿದ್ದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ನೆಲಮಾಳಿಗೆಯಿತ್ತು, ಪಾಠವಿತ್ತು, ಜನ ಶಿಳ್ಳೆ ಹೊಡೆದರು, ನಾನೂ ಹೊಡೆದೆ. ಹಡಗಿನಿಂದ ಧುಮುಕಿದ ನಾಯಕ ಗಡಿಯಾರದ ಗುಂಡಿ ಒತ್ತಿದ, ರಬ್ಬರಿನ ದೋಣಿ ಉಬ್ಬಿತು, ತಲೆಗೂದಲು ಕೂಡ ನೆನೆಯದೆ ದಡ ಸೇರಿದ. ಅಲ್ಲಿ ಯಾರೂ ಇರಲಿಲ್ಲ. ಆಗ ನನಗೆ ಅದೊಂದು ಕೊರತೆ ಅನ್ನಿಸಲೂ ಇಲ್ಲ.

ತೇನಿಯಲ್ಲಿ ಬಸ್ಸು ಬದಲಿಸಲು ಕಾಯುತ್ತಾ ಈ ಸಾಮಾನು ಖಾತೆಯ ವಂಶಾವಳಿ ಯೋಚಿಸಿದೆ. ನಮ್ಮ ಪುರಾಣಗಳಲ್ಲಿ ಈ ಖಾತೆ ದೇವರ ಕೈಯಲ್ಲಿದೆ. ವರ್ಷಾನುಗಟ್ಟಲೆ ಒಂಟಿಕಾಲಲ್ಲಿ ನಿಂತರೆ ಒಂದು ಅಸ್ತ್ರ ಮಂಜೂರಾಗುತ್ತದೆ, ಅದೂ ಬೇಕಾದ ಗಳಿಗೆಯಲ್ಲಿ ಮಂತ್ರ ಮರೆತುಹೋಗುವ ಶಾಪದ ಸಮೇತ. ಹಳೆಯ ರಾಜನೀತಿಯ ಗ್ರಂಥಗಳ ಬೇಹಿನವರಿಗಂತೂ ಸಾಮಾನೇ ಇಲ್ಲ. ಸನ್ಯಾಸಿ, ಅಡುಗೆಯವ, ಬಳೆಗಾರ ಎಂದು ವೇಷ ಹಾಕಿಕೊಂಡು ಹತ್ತು ಮನೆಯ ಬಾಗಿಲಿಗೆ ಹೋಗಿ ನಿಲ್ಲಬೇಕು, ಅಷ್ಟೆ. ಏನೂ ಮರೆಯದ, ಎಂದೂ ಕೈಕೊಡದ ಸಾಮಾನು ಸಿನಿಮಾದವರ ಸ್ವಂತ ಸೃಷ್ಟಿ. ಕಂಬಂ ಬರುವಷ್ಟರಲ್ಲಿ ನಾನೂ ಅಂಥದ್ದೊಂದು ಖಾತೆ ತೆರೆಯುವುದೆಂದು ತೀರ್ಮಾನಿಸಿದ್ದೆ. ಜಗುಲಿ ಮರಳಿ ಸಿಗಬೇಕಾಗಿತ್ತು, ಸತ್ಯದ ಗತಿ ಆಮೇಲೆ ನೋಡಿಕೊಂಡರಾಯಿತು.

"ಹೊಸ ಪುಸ್ತಕ ಸಿಕ್ಕಿದೆ, ಇದರಲ್ಲಿ ಎಲ್ಲ ಇದೆ," ಎಂದು ಬೊಮ್ಮಯ್ಯನಿಗೆ ಆಸೆ ಹುಟ್ಟಿಸಿದೆ. ದೀಪ ಬಂತು. ನಾನು ಧಾರಾಳವಾಗಿ ಕೊಟ್ಟೆ. ನನ್ನ ಗೂಢಚಾರನ ಕೊಡೆ ಏಣಿಯಾಯಿತು. ಎಲೆಯಡಿಕೆ ಡಬ್ಬಿಯನ್ನು ಕಿವಿಗಿಟ್ಟರೆ ಶತ್ರುಗಳ ಮಾತು ಕೇಳಿಸಿತು. ಟಿಫಿನ್ ಕ್ಯಾರಿಯರಿನ ತಳದ ಡಬ್ಬಿಯಲ್ಲಿ ನಿಸ್ತಂತು ಯಂತ್ರವಿತ್ತು. ಬೊಮ್ಮಯ್ಯ ತೊಡೆ ತಟ್ಟಿ ತಟ್ಟಿ ಕೇಳಿದ. ಅವನ ತಾಯಿ ಮಾತ್ರ ಆಕಳಿಸಿದರು. ಕರು ಕಟ್ಟಿ ಬರುತ್ತೇನೆಂದು ಎದ್ದು ಹೋದವರು ಒಂದು ಸಂಜೆ ಮರಳಿ ಬರಲೇ ಇಲ್ಲ. ಅವರಿಲ್ಲದ ಜಗುಲಿಯಲ್ಲಿ ನನಗೆ ಕಥೆ ಹೇಳುವ ಉಮೇದೇ ಉಳಿಯಲಿಲ್ಲ. ಮರುಸಂಜೆ ಅವರು ಬಂದು ಕೂತು ಸ್ವಲ್ಪ ಹೊತ್ತಿಗೆ ಕೇಳಿದರು.

"ತಂಬಿ, ಈ ಕದೆಯಾಗೆ ಅವ ಏನೂ ತಿನ್ನೋದೇ ಇಲ್ವಾ?"

ತಂಬಿ ಎಂಬ ಮಾತು ವಾಪಸು ಬಂದ ಸಂತೋಷಕ್ಕೆ ನನ್ನ ಕಲ್ಪನೆ ಇನ್ನಷ್ಟು ಗರಿಗೆದರಿತು. "ಅವನ ಹತ್ತಿರ ಮಾತ್ರೆ ಇದೆ ಅವ್ವಾ. ಒಂದು ನುಂಗಿದರೆ ವಾರವೆಲ್ಲ ಹಸಿವೇ ಆಗುವುದಿಲ್ಲ!"

"ಪಾವಂ," ಎಂದರು ಕೆಂಚಮ್ಮಾಳ್. ನಿಜವಾಗಿಯೂ ಮರುಗಿದ್ದರು. "ಅಂಗಾದ್ರೆ ಯಾರ್ ಮನೆಗೂ ಓಗಾಕಿಲ್ಲ ಅವ."

ಅವರು ಹೇಳಿದ್ದು ಗೂಢಚಾರನ ಬಗ್ಗೆ. ನನ್ನ ಬಗ್ಗೆ ಅಲ್ಲವೇ ಅಲ್ಲ. ನಾನು ಕೋಣೆಗೆ ಬಂದು ಟಾರ್ಚು ಹಾಕಿದೆ. ಸ್ಟವ್ವು, ಥರ್ಮಾಸ್, ಮಡಚುವ ಕುರ್ಚಿ, ಮಾತ್ರೆಗಳ ಸಾಲು ಎಲ್ಲವೂ ಅಚ್ಚುಕಟ್ಟಾಗಿ ಕೂತಿದ್ದವು. ಇಷ್ಟು ಕಾಲ ಈ ಊರಿನಲ್ಲಿದ್ದು ನಾನು ಯಾರನ್ನೂ ಏನನ್ನೂ ಕೇಳಿರಲಿಲ್ಲ. ಕೇಳಬೇಕಾದ ಪ್ರಸಂಗ ಬಾರದಂತೆ ನೋಡಿಕೊಂಡಿದ್ದೆ, ಆಮೇಲೆ ಯಾರೂ ನನ್ನ ಬಾಗಿಲಿಗೆ ಬರುವುದಿಲ್ಲವೆಂದು ಕೊರಗಿದ್ದೆ. ಪುಸ್ತಕ ಬರೆದವನು ನಾಯಕನ ಕೈಗೆ ಏನೂ ಕೊಡಲಿಲ್ಲ, ಹಾಗಾಗಿ ಅವನನ್ನು ಉಳಿಸಲು ಒಬ್ಬ ಹೆಂಗಸನ್ನು ಕಳಿಸಲೇಬೇಕಾಯಿತು. ಸಿನಿಮಾದವರು ಗಡಿಯಾರ ಕೊಟ್ಟರು, ಅವಳನ್ನು ಮನೆಗೆ ಕಳಿಸಿದರು. ನೆಲಮಾಳಿಗೆಯಲ್ಲಿ ಒಂದೊಂದು ಸಾಮಾನು ಕೊಟ್ಟಾಗಲೂ ಕಥೆಯಲ್ಲಿ ಒಬ್ಬೊಬ್ಬರು ಕಡಿಮೆಯಾಗುತ್ತಾರೆ. ಈ ವಿಮರ್ಶೆ ಹೊಳೆದದ್ದಕ್ಕೆ ಹೆಮ್ಮೆಪಡುವ ಸ್ಥಿತಿಯಲ್ಲಿ ನಾನಿರಲಿಲ್ಲ.

ಮರುದಿನ ಯಾರನ್ನಾದರೂ ಏನಾದರೂ ಕೇಳಲೇಬೇಕೆಂದು ಹಟ ಬಂತು. ಏನು ಕೇಳುವುದು? ಕೋಣೆ ತುಂಬ ಹುಡುಕಿದೆ, ನನ್ನಲ್ಲಿಲ್ಲದ ವಸ್ತುವೇ ಸಿಗಲೊಲ್ಲದು. ಕೊನೆಗೆ ಅಂಗಡಿಯಲ್ಲಿ ಮಾರದ, ಯಾವ ಕಂಪನಿಯೂ ತಯಾರಿಸದ, ಇನ್ನೊಬ್ಬರ ಅಡುಗೆಮನೆಯಿಂದಲೇ ಬರಬೇಕಾದದ್ದೊಂದು ನೆನಪಾಯಿತು. ದೀಪ ಹಚ್ಚಿದ ಮೇಲೆ ಅದನ್ನು ಯಾರೂ ಕೊಡುವುದಿಲ್ಲವೆಂದು ಗೊತ್ತಿತ್ತು. ಬಿಸಿಲಿರುವಾಗಲೇ ಲೋಟ ಹಿಡಿದು ಅವರ ಹಿತ್ತಿಲ ಬಾಗಿಲಿಗೆ ಹೋಗಿ ನಿಂತೆ. ಪಂಪು ಮಾರಲು ಹೋದಾಗಲೂ ಯಾರ ಬಾಗಿಲಲ್ಲೂ ಅಷ್ಟು ಅಳುಕಿರಲಿಲ್ಲ.

"ಅವ್ವಾ, ಸ್ವಲ್ಪ ಹೆಪ್ಪು ಕೊಡ್ತೀರಾ?"

"ಎಪ್ಪಾ?" ಎಂದರು. ನಗಲಿಲ್ಲ, ಅರ್ಥ ಕೇಳಲಿಲ್ಲ. ಕೈ ಒರೆಸಿಕೊಂಡು ಲೋಟ ಇಸಿದುಕೊಂಡರು. "ಆಲು ಕಾಸಿ ಮಡಗಿದ್ಯಾ?"

ಹಾಲು! ನಾನು ಕುಡಿಯುತ್ತಿದ್ದದ್ದು ಬರೀ ಕರಿ ಟೀ. ನನ್ನ ಕೋಣೆಯಲ್ಲಿ ಒಂದು ತೊಟ್ಟು ಹಾಲೂ ಇರಲಿಲ್ಲ.

"ಇಲ್ಲ ಅವ್ವಾ."

ಕೆಂಚಮ್ಮಾಳ್ ನನ್ನ ಮುಖವನ್ನೂ ಲೋಟವನ್ನೂ ಒಂದು ಸಲ ನೋಡಿದರು. ಏನು ಅರ್ಥವಾಯಿತೋ ಏನೋ, ಒಳಗೆ ಹೋಗಿ ಹಾಲಿನ ಪಾತ್ರೆಯನ್ನೇ ಹಿಡಿದುಕೊಂಡು ಬಂದು ಹೊಸ್ತಿಲಲ್ಲಿ ನಿಂತರು. ಆದರೆ ಬಗ್ಗಿಸಲಿಲ್ಲ.

"ಆಲೂ ಕೇಳು ತಂಬಿ," ಎಂದರು.

ಕೇಳಿದೆ.