ಅಕ್ಕನ ಹಾಡಿನ ಮೂರನೆಯ ನುಡಿ

ಅಕ್ಕ ರೇಡಿಯೊದಲ್ಲಿ ಹಾಡಲಿದ್ದ ದಿನ ಏನೇನು ಕೆಡಬಹುದು ಎಂಬುದನ್ನು ನಾನು ಬಹಳ ಮೊದಲೇ ಯೋಚಿಸಿಟ್ಟಿದ್ದೆ. ರೈಲು ತಡವಾಗಬಹುದು. ಎಂಜಿನ್ನಿನ ಹೊಗೆಗೆ ಅಕ್ಕನ ಗಂಟಲು ಕಟ್ಟಬಹುದು. ದಾರಿಯಲ್ಲಿ ಯಾರೋ ಪರಿಚಯದವರು ತಣ್ಣನೆಯ ಮಜ್ಜಿಗೆ ಕುಡಿಸಬಹುದು. ಅಕ್ಕ ಯಾರಿಗೂ ಒಲ್ಲೆ ಅನ್ನುವವಳಲ್ಲ. ಇತ್ತ ಟಿಕೋಟಾದಲ್ಲಿ, ನಮ್ಮ ನೆರೆಮನೆಯ ಅರಿವೆ ಅಂಗಡಿ ಚಾಚಾನ ರೇಡಿಯೊದ ಬ್ಯಾಟರಿ ಸತ್ತುಹೋಗಬಹುದು. ಮಾಳಿಗೆಯ ಮೇಲಿನ ಅದರ ಏರಿಯಲ್ ತಂತಿಗೆ ಗಾಳಿಪಟ ಸಿಕ್ಕಿಕೊಳ್ಳಬಹುದು. ಚಾಚಾನ ಆಡು ಕೆಳಗಿನ ತಂತಿಯನ್ನು ಕಡಿಯಬಹುದು. ಗುಡುಗು ಬಂದು ಬರೀ ಗರಗರ ಕೇಳಬಹುದು. ಬೇರೆ ಯಾವುದೋ ಸ್ಟೇಶನ್ನು ಬಂದು ನಮ್ಮ ಸ್ಟೇಶನ್ನಿನ ಮೇಲೆ ಕೂತುಬಿಡಬಹುದು. ಎಲ್ಲಕ್ಕಿಂತ ಹೆಚ್ಚಾಗಿ, ಆಯಿ ಚಾಚಾನ ಹೊಸ್ತಿಲ ತನಕ ಬಂದು, ನಾ ಒಲ್ಲೆ ಎಂದು ತಿರುಗಿಬಿಡಬಹುದು. ನಡುವೆ ನಾನೇ ಎದೆ ಒಡೆದು ಸಾಯಬಹುದು ಎಂಬುದೂ ಹೊಳೆದಿತ್ತು. ಆದರೆ ಅದರಿಂದ ಹಾಡಿಗೇನೂ ತೊಂದರೆ ಇರಲಿಲ್ಲ.

ಆಯಿ ಎಂದರೆ ನಮ್ಮ ತಾಯಿ. ಆಕೆಯ ತವರು ಗಡಿಯ ಕನಮಡಿಯಿಂದ ಆಚೆ, ಮರಾಠಿ ಊರು. ಅಪ್ಪ ಟಿಕೋಟಾದ ಕನ್ನಡದವನು. ನಮ್ಮ ಮನೆಯಲ್ಲಿ ಬೈಗುಳ ಕನ್ನಡದಲ್ಲಿ, ಜೋಗುಳ ಮರಾಠಿಯಲ್ಲಿ. ಅಕ್ಕ ಹಾಡು ಕಟ್ಟತೊಡಗಿದಾಗ ಎರಡೂ ಒಂದೇ ಹಾಡಿನೊಳಗೆ ಬಂದು ಕೂತವು. ಗಂಡ ತೀರಿಕೊಂಡ ಮೇಲೆ ಅವಳು ವಿಜಯಪುರದ ಇಬ್ರಾಹಿಂಪುರದಲ್ಲಿ ಒಂದು ಕೋಣೆ ಹಿಡಿದು ಕುಪ್ಪಸ ಹೊಲಿಯುತ್ತಿದ್ದಳು. ಹೊಲಿಗೆ ಯಂತ್ರ ತುಳಿಯುತ್ತಲೇ ಹಾಡು ಹುಟ್ಟುತ್ತಿತ್ತು. ತಾಳಕ್ಕೆ ಬೇರೆ ಏರ್ಪಾಡು ಬೇಕಿರಲಿಲ್ಲ. ಮೊದಲು ಬಸುರಿಯರ ಕುಬಸದ ಮನೆಗಳಲ್ಲಿ ಹಾಡಿದಳು, ಆಮೇಲೆ ಬಬಲೇಶ್ವರದ ಭಜನೆಯಲ್ಲಿ, ಆಮೇಲೆ ಕರೆದಲ್ಲೆಲ್ಲ.

ಆದರೆ ಆ ವರ್ಷಗಳೇ ಹಾಗಿದ್ದವು. ನಮ್ಮ ಜಿಲ್ಲೆ ಮುಂಬಯಿಯನ್ನು ಬಿಟ್ಟು ಮೈಸೂರಿಗೆ ಸೇರಿತ್ತು. ಗಡಿಯ ಮಾತು ಬಂದರೆ ಚಹಾದಂಗಡಿಯಲ್ಲಿ ಚಹಾ ಬಸಿಯಲ್ಲೇ ಆರುತ್ತಿತ್ತು. ಈ ಕಡೆಯವರು ಅಕ್ಕನಿಗೆ "ಕನ್ನಡದಾಗಷ್ಟ ಹಾಡ್ರಿ" ಅನ್ನುತ್ತಿದ್ದರು. ಆ ಕಡೆಯವರು ಅದೇ ಮಾತನ್ನು ಮರಾಠಿಯಲ್ಲಿ ಅನ್ನುತ್ತಿದ್ದರು. ಕನಮಡಿಯಂಥ ಒಂದೆರಡು ಊರಿನಲ್ಲಿ ಮಾತ್ರ ಅವಳ ಹಾಡು ಇಡಿಯಾಗಿ ಕೇಳುತ್ತಿತ್ತು. ಬಾವಿಯ ಕಟ್ಟೆಯಲ್ಲಿ ಹೆಂಗಸರು ಆಯಿಗೆ "ನಿಮ್ಮ ಸರಕಾರ ನಿಮ್ಮನ್ನ ಯಾವಾಗ ಕರಕೊಂಡ ಹೋಗತೈತ್ರಿ?" ಎಂದು ಚೇಷ್ಟೆ ಮಾಡುತ್ತಿದ್ದರು. ಆಯಿಯೂ ನಗುತ್ತಿದ್ದಳು. ಆದರೆ ಹೊಸ್ತಿಲಾಚೆ ಮರಾಠಿ ಆಡುವುದನ್ನು ಬಿಟ್ಟುಬಿಟ್ಟಳು.

ಅಕ್ಕನ ಹಾಡನ್ನು ಆಯಿ ಒಮ್ಮೆಯೂ ಕೂತು ಕೇಳಿರಲಿಲ್ಲ. "ಗಂಡಸರ ಮುಂದ ಕುಂತು ಹಾಡಾಕಿ ನನ್ನ ಮಗಳಲ್ಲ" ಎಂಬ ಒಂದೇ ಮಾತು.

ರೇಡಿಯೊದವರು ಗಡಿನಾಡಿನ ಹಾಡುಗಳಿಗೆಂದು ಒಂದು ಕಾರ್ಯಕ್ರಮ ಮಾಡಿ ಅಕ್ಕನನ್ನು ದೂರದ ತಮ್ಮ ಸ್ಟೇಶನ್ನಿಗೆ ಕರೆದಾಗ ಆಯಿ ಸ್ವಲ್ಪ ಸಡಿಲಾದಳು. "ಮಾರಿ ಕಾಣೂದಿಲ್ಲಂದ್ರ ಕೇಳತೀನಿ." ಆಮೇಲೆ ಒಲೆಯ ಮುಂದಿನಿಂದ ಏಳದೆಯೇ ಕೇಳಿದಳು: "ನನ್ನ ಮಾತಿನಾಗೂ ಹಾಡತಾಳ ಹೌದಲ್ಲ?"

"ಮೂರನೇ ನುಡಿ ಪೂರಾ ನಿನ್ನ ಮಾತಿನಾಗ ಐತಿ" ಎಂದೆ.

ಇತ್ತು. ಹಾಡಿನಲ್ಲಿ ಒಬ್ಬ ಮಗಳು ತವರಿಗೆ ಬರುತ್ತಾಳೆ. ಮೊದಲ ನುಡಿಯಲ್ಲಿ ದಾರಿ, ಎರಡನೆಯದರಲ್ಲಿ ಮುಚ್ಚಿದ ಬಾಗಿಲು, ಎರಡೂ ಕನ್ನಡ. ಮೂರನೆಯದರಲ್ಲಿ ಒಳಗಿನಿಂದ ತಾಯಿ ಮರಾಠಿಯಲ್ಲಿ ಮಾತಾಡುತ್ತಾಳೆ. ಆ ಧಾಟಿ, ಆಯಿ ನಮ್ಮಿಬ್ಬರನ್ನೂ ತೂಗಿದ ಜೋಗುಳದ್ದೇ. ಬಾವಿಕಟ್ಟೆಯ ಹೆಂಗಸರೆಲ್ಲ ಕೂತಿರುವಾಗ ಆ ಮಾತು ಪೆಟ್ಟಿಗೆಯೊಳಗಿಂದ ಬರಬೇಕು ಎಂಬುದು ಅಕ್ಕನ ಆಸೆ.

ನಾನು ಅವಳ ಜೊತೆ ಹೋಗುತ್ತೇನೆಂದೆ. "ಚಿಂತಿ ಮಾಡೂದ ನಿನ್ನ ನೌಕರಿ ಏನಲೇ?" ಎಂದಳು. "ನೀ ಆಯೀ ಬಾಜೂಕ ಕುಂದರು. ನನ್ನ ಕಾಳಜಿ ರೈಲ್ವೆದವರು ಮಾಡತಾರ."

ಇಲ್ಲಿ ನಮ್ಮ ಕಡೆಯ ಒಂದು ಪದ್ಧತಿ ಹೇಳಬೇಕು. ಕೂತವರಲ್ಲಿ ಯಾರಾದರೂ "ವ್ಹಾ" ಅಂದರೆ, ಹಾಡುವವರು ಹಣೆಗೆ ಕೈ ಮುಟ್ಟಿಸಿ ಅದೇ ಸಾಲನ್ನು ಮತ್ತೊಮ್ಮೆ ಹಾಡಬೇಕು. ಹಾಡದೆ ಮುಂದೆ ಹೋದರೆ ಸೊಕ್ಕು ಅನ್ನುತ್ತಾರೆ. ಬಬಲೇಶ್ವರದಲ್ಲಿ ಒಬ್ಬ ಹಿರಿಯರಿದ್ದರು, ಸಾಲುಸಾಲಿಗೂ ವ್ಹಾ ಅನ್ನುವವರು. ಅವರು ಕೂತ ದಿನ ಅಕ್ಕನ ಒಂದು ಹಾಡು ಮುಗಿಯುವಷ್ಟರಲ್ಲಿ ಚಹಾದ ಪಾತೇಲಿ ತಳ ಹಿಡಿಯುತ್ತಿತ್ತು.

ಆ ಸಂಜೆ ಆಯಿ ತವರಿನ ಸೀರೆ ಉಟ್ಟಳು. ಹೊಸ್ತಿಲಲ್ಲಿ ನಿಲ್ಲಲಿಲ್ಲ, ತಿರುಗಲಿಲ್ಲ. "ಬರ್ರಿ ವೈನಿ, ಇಲ್ಲಿ ಮುಂದ ಕುಂದರ್ರಿ" ಎಂದು ಚಾಚಾ ರೇಡಿಯೊದ ಪಕ್ಕದಲ್ಲೇ ಚಾಪೆ ಹಾಸಿದ. ಹೆಂಗಸರು ಪಡಸಾಲೆ ತುಂಬಿದರು. ನಾನು ಮಾಳಿಗೆ ಹತ್ತಿ ಇಳಿದು ಮಾಡುತ್ತಿದ್ದೆ.

"ಯಾಕಪಾ, ಆ ತಂತೀನ ಎಷ್ಟ ಸಲ ನೋಡತಿ?" ಎಂದ ಚಾಚಾ. "ನಿನ್ನ ಕಾಟಕ್ಕ ಅದ ಹರಕೊಂಡ ಓಡಿ ಹೋದೀತು."

ಹೊತ್ತಿಗೆ ಸರಿಯಾಗಿ ಅಕ್ಕನ ದನಿ ಬಂತು. ಎದುರಿಗೇ ಕೂತು ಹಾಡಿದಷ್ಟು ಸ್ಪಷ್ಟ. ದಾರಿ ಮುಗಿಯಿತು. ಎರಡನೆಯ ನುಡಿ ಹತ್ತಿತು. ಆಯಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚಿ ಮಾಡುತ್ತಿದ್ದಳು. "ದೀಪ ಹಚ್ಚಿ ಯಾರ ಕುಂತಾರ ಒಳಗ" ಎಂದು ಅಕ್ಕ ಬಾಗಿಲ ಮುಂದೆ ನಿಂತ ಸಾಲನ್ನು ಎಳೆದಳು. ಆಗ ಪೆಟ್ಟಿಗೆಯೊಳಗೆ ದೂರದಿಂದ, ಮೆಲ್ಲಗೆ, ಒಂದು ಗಂಡು ದನಿ ಕೇಳಿತು.

"ವ್ಹಾ."

"ಯಾರೋ ಮೆಚ್ಚಿದ್ರ ನೋಡ್ರಿ" ಎಂದು ಹೆಂಗಸೊಬ್ಬಳು ಆಯಿಯ ಮೊಣಕೈ ತಿವಿದಳು. ರೇಡಿಯೊದವರು ಹಾಡಿಗೆ ಕೊಟ್ಟಿದ್ದು ಎಣಿಸಿದಷ್ಟೇ ನಿಮಿಷ. ಅಕ್ಕನ ಕೈ ಹಣೆಗೆ ಹೋದದ್ದು ನನಗೆ ಇಲ್ಲಿಂದಲೇ ಕಂಡಿತು. ಅದೇ ಸಾಲು ಮತ್ತೆ ಬಂತು, ಮೊದಲಿಗಿಂತ ಚೆಂದವಾಗಿ. ಮತ್ತೆ ವ್ಹಾ. ಸಾಲು ಮತ್ತೆ ಬಂತು. ದೀಪ ಹಚ್ಚಿ ಯಾರ ಕುಂತಾರ ಒಳಗ. ನಾನು ರೇಡಿಯೊದ ಕಡೆ ಬಗ್ಗಿ "ಸಾಕಬೇ, ಮುಂದ ಹೋಗು" ಎಂದೆ. ಚಾಚಾ ನನ್ನನ್ನೇ ನೋಡಿದ.

ಸಾಲಿನ ನಡುವೆಯೇ ದನಿ ಸಣ್ಣದಾಯಿತು. ಇದುವರೆಗೆ ಹಾಡು ಕೇಳಿದಿರಿ ಎಂದು ಹೇಳಿ, ಯಾರೋ ಪೇಟೆ ಧಾರಣೆ ಓದತೊಡಗಿದರು.

ಆಯಿ ಸ್ವಲ್ಪ ಹೊತ್ತು ಕಾದಳು. ಜೋಳದ ದರ ಮುಗಿದು ಕುಸುಬಿಯ ದರ ಬಂತು. ಎದ್ದು ಸೆರಗು ಸರಿ ಮಾಡಿಕೊಂಡು, ಎಲ್ಲರಿಗೂ ಕೇಳುವಂತೆ ಕನ್ನಡದಲ್ಲೇ ಅಂದಳು: "ನನ್ನ ಮಾತ ಆಡಾಕ ಆಕೀಗಿ ನಾಚಿಕಿ ಬಂದೈತಿ. ಇರಲಿ ಬಿಡ್ರಿ."

ಅಕ್ಕ ಮರುದಿನ ನಗುನಗುತ್ತ ಬಂದಳು. ಆಯಿಯ ಮುಖ ನೋಡಿ ನಗು ನಿಂತಿತು. ಸ್ಟೇಶನ್ನಿನ ತಬಲಾದವನ ವ್ಹಾ, ಮುಗಿದುಹೋದ ಹೊತ್ತು, ಎಲ್ಲವನ್ನೂ ಹೇಳಿ, ಪಡಸಾಲೆಯಲ್ಲಿ ಕೂತು ಮೂರನೆಯ ನುಡಿ ಎತ್ತಿದಳು. ಆಯಿ ಮೊರದಲ್ಲಿ ಕಲ್ಲು ಆರಿಸುತ್ತ, "ಈಗ್ಯಾಕ? ಮನ್ಯಾಗ ಯಾರರೆ ಹಾಡತಾರ. ಮಂದ್ಯಾಗ ಹಾಡಬೇಕಿತ್ತು" ಎಂದಳು. ಅಕ್ಕ ಅರ್ಧಕ್ಕೆ ಬಿಟ್ಟಳು.

ರೇಡಿಯೊದ ಆ ಕಾರ್ಯಕ್ರಮ ಬೇಗನೆ ನಿಂತಿತು. ಮುಂದಿನ ಬೇಸಿಗೆಗೆ ಆಯಿ ಇರಲಿಲ್ಲ. ಅಕ್ಕ ಆಮೇಲೂ ಬಹಳ ವರ್ಷ ಹಾಡಿದಳು, ಹೆಸರೂ ಮಾಡಿದಳು, ಬರೀ ಕನ್ನಡದಲ್ಲಿ. ಮರಾಠಿಯಲ್ಲಿ ಒಂದು ಸಾಲೂ ಕಟ್ಟಲಿಲ್ಲ. ಕನಮಡಿಯವರು ಕರೆದು ಕರೆದು ಸುಮ್ಮನಾದರು.

ನನಗೀಗ ನೆತ್ತಿ ಬೋಳಾಗಿದೆ. ಊರಿಗೆ ಹೊರಟರೆ ಟಾರ್ಚಿಗೆ ಎರಡು ಜೊತೆ ಸೆಲ್ಲು ಇಟ್ಟುಕೊಳ್ಳುತ್ತೇನೆ. ಆ ದಿನವನ್ನು ಮಾತ್ರ ಇನ್ನೂ ಒಂದೊಂದಾಗಿ ತಡವುತ್ತೇನೆ. ರೈಲು ಹೊತ್ತಿಗೆ ಮುಟ್ಟಿತ್ತು. ಗಂಟಲು ಕಟ್ಟಿರಲಿಲ್ಲ. ಬ್ಯಾಟರಿ ಗಟ್ಟಿಯಾಗಿತ್ತು. ಗುಡುಗಿರಲಿಲ್ಲ, ಗಾಳಿಪಟ ಇರಲಿಲ್ಲ, ಆಡು ತನ್ನಷ್ಟಕ್ಕೆ ಮಲಗಿತ್ತು. ಆಯಿ ಬಂದು ಕೂತಿದ್ದಳು. ಅಲ್ಲಿ, ಗುರುತಿಲ್ಲದ ಒಬ್ಬ ತಬಲಾ ಬಾರಿಸುವವನಿಗೆ ನಮ್ಮ ಅಕ್ಕನ ಹಾಡು ಹಿಡಿಸಿತು, ಅಷ್ಟೇ.