ಹದಿಮೂರರಿಂದ ಒಡೆದ ಸಂಖ್ಯೆ

ಖಾದರ್ ಚಾಚಾ ಯಾರೇ ಎದುರು ಬಂದರೂ ಮುಖಕ್ಕಿಂತ ಮೊದಲು ಅವರ ಗಾಡಿಯ ನಂಬರು ನೋಡುತ್ತಿದ್ದರು. ದಾವಣಗೆರೆಯ ಕೆ.ಬಿ. ಬಡಾವಣೆಯಲ್ಲಿ ನಮ್ಮ ಮನೆಗೆ ಅಂಟಿಕೊಂಡೇ ಇತ್ತು ಅವರ ನಂಬರ್ ಪ್ಲೇಟ್ ಬರೆಯುವ ಅಂಗಡಿ. ಬ್ರಷ್ಷನ್ನು ಬಣ್ಣಕ್ಕೆ ಅದ್ದುವ ಮೊದಲು ಸಂಖ್ಯೆಯನ್ನು ಒಡೆದು ನೋಡಲೇಬೇಕು: ಮೂರರಿಂದ ಭಾಗ ಹೋಗುತ್ತದೆಯೇ, ಏಳರಿಂದ ಹೋಗುತ್ತದೆಯೇ. ಹೋದರೆ ನಿರಾಳ. ಯಾವುದರಿಂದಲೂ ಹೋಗದಿದ್ದರೆ ಅವರ ಮುಖ ಸಪ್ಪಗಾಗುತ್ತಿತ್ತು.

"ಒಡೀತೈತೆ ಅಂದ್ರ ಹೊರಗ ಬರಾಕ ದಾರಿ ಐತೆ ಬೇಟಿ. ಇದಕ್ಕ ಬಾಗ್ಲಾನೇ ಇಲ್ಲ."

ಭಾಗಾಕಾರವನ್ನು ಶಾಲೆಗಿಂತ ಹೆಚ್ಚು ಅವರ ಪಕ್ಕದ ಸ್ಟೂಲಿನ ಮೇಲೆ ಕೂತು ಕಲಿತವಳು ನಾನು. ಭಯ ಕಲಿತದ್ದೂ ಅಲ್ಲೇ. ಅಪ್ಪನ ಹೊಸ ಸ್ಕೂಟರಿಗೆ 7919 ಬಂದಾಗ ಚಾಚಾ ಎಂಬತ್ತಮೂರರವರೆಗೆ ಭಾಗಿಸಿ ಕೈಚೆಲ್ಲಿದರು. ಒಂದು ವಾರ ಹರಿಹರದ ಕಡೆ ಹೋಗಬೇಡಿ ಎಂದು ಅಪ್ಪನನ್ನು ಬೇಡಿಕೊಂಡರು. ಅಪ್ಪ ನಕ್ಕು ಹೊರಟರು. ನಾಲ್ಕನೇ ದಿನ ಹರಿಹರದ ಸೇತುವೆ ಹತ್ತಿರ ಬಿದ್ದು ಕಾಲು ಮುರಿದುಕೊಂಡರು. ತಾವೇ ತಳ್ಳಿದ್ದೇನೋ ಎಂಬಂತೆ ಚಾಚಾ ತಿಂಗಳುಗಟ್ಟಲೆ ನಮ್ಮ ಮನೆಗೆ ಬ್ರೆಡ್ಡು, ಹಣ್ಣು ಹೊತ್ತರು.

ಈಗ ನಾನು ಹರಿಹರದ ಶಾಲೆಯೊಂದರಲ್ಲಿ ಗಣಿತದ ಟೀಚರ್. ಅವಿಭಾಜ್ಯ ಸಂಖ್ಯೆಗೂ ಹಣೆಬರಹಕ್ಕೂ ಸಂಬಂಧವಿಲ್ಲವೆಂದು ಗಂಟಲು ಹರಿಯುವಂತೆ ಪಾಠ ಮಾಡುತ್ತೇನೆ. ಆದರೆ ನಂಬರು ನೋಡದೆ ಬಸ್ಸು ಹತ್ತಿದವಳಲ್ಲ.

ಹೋದ ವರ್ಷ ಚಾಚಾನನ್ನು ಎದೆಯ ಆಪರೇಷನ್ನಿಗೆಂದು ಆಸ್ಪತ್ರೆಗೆ ಸೇರಿಸಿದರು. ಆಪರೇಷನ್ ದಿನ ಬೆಳಿಗ್ಗೆ ನಾನು ಹೋದಾಗ ಫೈಲನ್ನು ಅವಚಿಕೊಂಡು ಕೂತಿದ್ದರು. ಮೇಲೆ ಅವರ ನೋಂದಣಿ ಸಂಖ್ಯೆ: 104729.

"ನನ್ ಕಣ್ಣು ಮಂಜಾಗ್ಯಾವ. ನೀನೇ ನೋಡು ಬೇಟಿ, ಒಡೀತೈತೇನು."

ಕೊನೆಯ ಅಂಕಿ ಒಂಬತ್ತು, ಹಾಗಾಗಿ ಎರಡೂ ಇಲ್ಲ, ಐದೂ ಇಲ್ಲ. ಅಂಕಿಗಳ ಮೊತ್ತ ಇಪ್ಪತ್ತಮೂರು, ಮೂರೂ ಇಲ್ಲ. ಏಳಕ್ಕೆ ಎರಡು ಉಳಿಯಿತು. ಹದಿಮೂರಕ್ಕೆ ಒಂದೇ ಒಂದು ಉಳಿಯಿತು. ಮೊಬೈಲಿನಲ್ಲಿ ಭಾಗಿಸುತ್ತಾ ಹೋದೆ. ಇದರ ವರ್ಗಮೂಲ ಮುನ್ನೂರ ಇಪ್ಪತ್ತಮೂರರ ಮೇಲೆ ಚೂರು. ಅಲ್ಲಿಯವರೆಗೆ ಸಿಗದಿದ್ದರೆ ಮುಂದೆ ಸಿಗುವುದೇ ಇಲ್ಲ. ಮುನ್ನೂರ ಹದಿನೇಳೂ ಕೈಕೊಟ್ಟಾಗ ಮೊಬೈಲನ್ನು ಕೆಳಗಿಟ್ಟೆ. ಗಣಿತದ ಟೀಚರಾಗಿಯೂ ನಾನು ನಿಜವಾಗಿ ಹೆದರಿದ್ದೆ.

"ಹದಿಮೂರರಿಂದ ಒಡೀತು ಚಾಚಾ," ಎಂದೆ.

ಅವರು ಕಣ್ಣು ಮುಚ್ಚಿದರು. ತುಟಿ ಅಲುಗಿತು. ನನ್ನ ಒಂದು ತಪ್ಪು ಲೆಕ್ಕವನ್ನೂ ಎಂದೂ ಸುಮ್ಮನೆ ಬಿಟ್ಟವರಲ್ಲ. ಸಿಕ್ಕಿಬಿದ್ದೆ ಎಂದುಕೊಂಡೆ.

"ಆತು ಬಿಡು. ಹಂಗಾದ್ರ ನೀನು ಹೆದರಬ್ಯಾಡ," ಎಂದು ನನ್ನ ತಲೆ ಸವರಿದರು. ಅಷ್ಟರಲ್ಲಿ ನರ್ಸ್ ಬಂದು ಒಳಗೆ ಕರೆದೊಯ್ದರು.

ಚಾಚಾ ತಿರುಗಿ ಬರಲಿಲ್ಲ. ಮೂರು ದಿನದ ಮೇಲೆ ಅವರ ಮಗಳು ಆಸ್ಪತ್ರೆಯ ಚೀಲ ಬಿಚ್ಚಿ ಎಕ್ಸ್-ರೇ ಲಕೋಟೆಯೊಂದನ್ನು ನನ್ನ ಕೈಗಿಟ್ಟಳು. ಆಪರೇಷನ್ನಿನ ಹಿಂದಿನ ದಿನವೆಲ್ಲ ಅಬ್ಬಾ ಇದರ ಮೇಲೇ ಏನೋ ಬರೆಯುತ್ತಿದ್ದರು ಎಂದಳು. ಹಿಂಬದಿಯಲ್ಲಿ ಪೆನ್ಸಿಲಿನ ಭಾಗಾಕಾರಗಳು, ಮೂರರಿಂದ ಮುನ್ನೂರ ಹದಿನೇಳರವರೆಗೆ, ಒಂದನ್ನೂ ಬಿಟ್ಟಿರಲಿಲ್ಲ. ಹದಿಮೂರರ ಎದುರು, ನಂಬರ್ ಪ್ಲೇಟಿಗೆ ಬರೆಯುತ್ತಿದ್ದ ಅದೇ ದುಂಡು ಅಕ್ಷರದಲ್ಲಿ, ಉಳಿದದ್ದು ಒಂದು ಎಂದು ಬರೆದಿದ್ದರು.