ಗದ್ದೆಮ್ಮ ಟೀಚರ್ ಪಾಠಕ್ಕೆ ಎರಡು ಹಂಜಿ ಉಣ್ಣೆ

ಗದ್ದೆಮ್ಮ ಟೀಚರ್ ನಮ್ಮ ಮಾನ್ವಿ ಶಾಲೆಗೆ ಬಂದದ್ದು ಹೇಗೆ ಅಂತ ಯಾರಾದರೂ ಕೇಳಿದರೆ ಸಾಕು, ನನಗೆ ಊಟ ನೆನಪಾಗುವುದಿಲ್ಲ. ಅರ್ಧ ನಾನೇ ಕಣ್ಣಾರೆ ಕಂಡದ್ದು, ಇನ್ನರ್ಧ ಟೀಚರೇ ನಗುತ್ತಾ ಹೇಳಿದ್ದು.

ಅವರದು ದೇವದುರ್ಗದ ಕಡೆಯ ಜಾಲಹಳ್ಳಿ, ಕುರಿ ಸಾಕುವ ಮನೆ. ೧೯೮೩ರಲ್ಲಿ ರಾಯಚೂರಿನಲ್ಲಿ ಬಿ.ಎಡ್. ಮುಗಿಸಿದರು. ಎರಡು ಇಂಟರ್‌ವ್ಯೂ ಕೊಟ್ಟರು, ಎರಡೂ ಹೋದವು. ತಪ್ಪು ಒಂದೇ: ಮಕ್ಕಳ ಮುಂದೆ ಮಾಡಿ ತೋರಿಸಬೇಕಿದ್ದ ಪಾಠ ಮುಗಿಯುವ ಮೊದಲೇ ಗಂಟೆ ಹೊಡೆಯಿತು. ಮೂರನೆಯದು ನಮ್ಮ ಶಾಲೆಯದು. ನಾನಿದ್ದ ಎಂಟನೇ ತರಗತಿಗೆ ವಿಜ್ಞಾನ, ಹತ್ತೇ ನಿಮಿಷ. ಇದೂ ತಪ್ಪಿದರೆ ಆ ವರ್ಷ ಬೇರೆಲ್ಲೂ ಜಾಗವಿರಲಿಲ್ಲ.

ಪಾಠ ಆರಿಸಿದ್ದಾಯಿತು: ಗಾಳಿ ಜಾಗ ಹಿಡಿಯುತ್ತದೆ. ಗಾಜಿನ ಲೋಟದ ತಳದಲ್ಲಿ ಕಾಗದ ತುರುಕಿ, ಬೋರಲು ಮಾಡಿ ಬಕೆಟ್ ನೀರಿನಲ್ಲಿ ಮುಳುಗಿಸುವುದು. ಮೇಲೆತ್ತಿದಾಗ ಕಾಗದ ಒಣಗಿಯೇ ಇರಬೇಕು. ಆದರೆ ಹತ್ತು ನಿಮಿಷ ಅಳೆಯಲು ಮನೆಯಲ್ಲಿ ಗಡಿಯಾರವೇ ಇಲ್ಲವಲ್ಲ!

ಅಜ್ಜಿ ಭೀಮವ್ವ ದಿನವಿಡೀ ಕದಿರು ತಿರುಗಿಸಿ ಉಣ್ಣೆ ನೂಲುತ್ತಿದ್ದಳು. ಗದ್ದೆಮ್ಮ ಅವಳನ್ನು ಮೀರಾಹುಸೇನರ ಚಹಾ ಹೋಟೆಲಿನ ಗೋಡೆ ಗಡಿಯಾರದ ಕೆಳಗೆ ಕೂರಿಸಿದರು.

"ಏನ್ ಭೀಮವ್ವಜ್ಜಿ, ಗಡಿಯಾರದ ಕೂಡ ಶರತ್ ಕಟ್ಟೀಯೇನು?" ಎಂದರು ಮೀರಾಹುಸೇನ.

"ನಿನ್ನ ಗಡಿಯಾರಕ್ಕ ಕೀಲಿ ಕೊಡಬೇಕಪಾ. ನನಗ ಬೇಕಾಗಿಲ್ಲ."

ಹತ್ತು ನಿಮಿಷಕ್ಕೆ ಸರಿಯಾಗಿ, ಹಿಂಜಿ ಸುರುಳಿ ಸುತ್ತಿಟ್ಟ ಎರಡು ಹಂಜಿ ಉಣ್ಣೆ ನೂಲಾಯಿತು. ಅಳತೆ ಸಿಕ್ಕಿತು!

ಆಮೇಲೆ ನಾಲ್ಕು ದಿನ ಗದ್ದೆಮ್ಮ ನಿಂತಲ್ಲಿ ನಿಲ್ಲಲಿಲ್ಲ, ಕೂತಲ್ಲಿ ಕೂರಲಿಲ್ಲ. ಪ್ರಶ್ನೆ ಮೊದಲೋ, ಲೋಟ ಮೊದಲೋ? ಒಂದು ಮಾತು ಕತ್ತರಿಸುವುದು, ಮತ್ತೆ ಸೇರಿಸುವುದು. ರೊಟ್ಟಿ ಮುರಿದು ಕೈಯಲ್ಲೇ ಹಿಡಿದುಕೊಂಡು ಗೋಡೆಗೆ ಪಾಠ ಹೇಳುವುದು.

"ಉಣ್ಣು ಬೇ ಮೊದ್ಲು. ಗ್ವಾಡಿ ಪಾಸಾದ್ರ ನಿನಗೇನ್ ಬಂತು?" ಎಂದಳು ಅಜ್ಜಿ.

ಶನಿವಾರ ಗದ್ದೆಮ್ಮನ ಪಾಠ, ಎದುರಿಗೆ ಕೂತು ಅಜ್ಜಿ ನೂಲುತ್ತಿದ್ದ ಎರಡನೇ ಹಂಜಿ ಎರಡೂ ಒಟ್ಟಿಗೇ ಮುಗಿದವು. ಭಾನುವಾರವೂ ಅಷ್ಟೇ.

ಸೋಮವಾರ ಮೊದಲ ಬಸ್ಸು. ತೊಡೆಯ ಮೇಲೆ ಬಟ್ಟೆಯಲ್ಲಿ ಸುತ್ತಿದ ಲೋಟ. ಬಸ್ಸು ಎಗರಿದಾಗಲೆಲ್ಲ ಬಿಚ್ಚಿ ನೋಡಿದರಂತೆ.

ಇನ್ನು ನಾನು ಕಂಡದ್ದು. ಹಿಂದಿನ ಬೆಂಚಿನಲ್ಲಿ ನಮ್ಮ ಹೆಡ್ ಮಾಸ್ಟರ್ ಬುರ್ಹಾನುದ್ದೀನ್ ಸರ್, ಮುಂದೆ ಟೇಬಲ್ ಗಂಟೆ. ಗದ್ದೆಮ್ಮ ಲೋಟ ಮುಳುಗಿಸಿದರು. ನಾವೆಲ್ಲ ಎದ್ದು ಕತ್ತು ಚಾಚಿದೆವು. ಟಣ್! ಅವರ ಮುಖ ಸುಣ್ಣದಂತಾಯಿತು. ಲೋಟವನ್ನು ಬೋರಲಾಗಿಯೇ ತೆಗೆದು, ಬಟ್ಟೆಯಲ್ಲಿ ಸುತ್ತಿ, ನಮಸ್ಕಾರ ಮಾಡಿ ಹೊರಟೇಬಿಟ್ಟರು.

ಇಂಟರ್‌ವ್ಯೂಗೆ ಬಂದಿದ್ದ ಮುಂದಿನವರು ಪಾಠ ಶುರು ಮಾಡಿದರು. ಯಾರಿಗೆ ಬೇಕಿತ್ತು? ಬಕೆಟ್ ಅಲ್ಲೇ ಇತ್ತಲ್ಲ. ನನ್ನ ಪಕ್ಕದ ಗೋಪಮ್ಮ ಎದ್ದು ನಿಂತಳು.

"ಸರ್, ಕಾಗದ ತೊಯ್ತೋ ಇಲ್ಲೋ?"

"ತೊಯ್ದಿರ್ತದ!" ಅಂದ ಹಿಂದಿನವನೊಬ್ಬ.

"ಇಲ್ಲಲೇ! ಶರತ್ ಏಟ್ ಕಟ್ತಿ?"

ಗದ್ದಲವೋ ಗದ್ದಲ. ಪಾಪ, ಹೊಸಬರು ಚಾಕ್ ಕೆಳಗಿಟ್ಟರು. ಕೊನೆಗೆ ಜವಾನ ಬಸ್ ಸ್ಟ್ಯಾಂಡಿಗೆ ಓಡಿ ಗದ್ದೆಮ್ಮನನ್ನು ಕರೆತಂದ.

"ಕಾಗದ ತೋರ್ಸಿ ಹೋಗ್ರಿ," ಎಂದರು ಸರ್.

"ನನ್ ಟೈಮ್ ಮುಗೀತಲ್ರಿ ಸರ?"

"ನಿಮ್ದು ಮುಗೀತಮ್ಮಾ. ಇವರದು ಮುಗೀವಲ್ದು!"

ಮತ್ತೆ ಮುಳುಗಿಸಿದರು, ಎತ್ತಿದರು. ಕಾಗದ ಗರಿಗರಿ ಒಣಗಿತ್ತು. ಗೋಪಮ್ಮ ಮುಟ್ಟಿ ನೋಡಿ, ಕೆನ್ನೆಗೂ ಒತ್ತಿಕೊಂಡಳು.

ಸಂಜೆ ಮನೆಗೆ ಹೋದವರೇ ಗದ್ದೆಮ್ಮ ಕೇಳಿದರು: "ಅಜ್ಜೀ, ನಾ ಲೋಟ ಮುಳುಗ್ಸಿದಾಗ ನೂಲೋದು ನಿಲ್ಸಿದ್ದೇನು?"

"ನಿಲ್ಸದ ಇರ್ತೀನೇನು ಮತ್ತ! ದಿನಾ ಒಣಗೇ ಬರ್ತಿತ್ತು. ಇವತ್ತರ ತೊಯ್ತದೇನು ಅಂತ ನೋಡ್ತಿದ್ದೆ."

ಎಂಟು ದಿನಕ್ಕೆ ಆರ್ಡರ್ ಬಂತು. ಜೂನ್‌ನಲ್ಲಿ ಟೀಚರ್ ಬಂದರು, ಕೈಯಲ್ಲಿ ಹೊಸ ವಾಚು. ಆದರೂ ಅವರ ಪಿರಿಯಡ್‌ನಲ್ಲಿ ಪಾಠ ಮುಗಿಯುವ ಮೊದಲೇ ಗಂಟೆ ಹೊಡೆಯುತ್ತಿತ್ತು. ನಾವು ಏಳುತ್ತಿರಲಿಲ್ಲ.